ಶೇಡಿ ಮಣ್ಣಿಗೆ ಎಷ್ಟು ಅಂಕ?

ಪ್ರತಿ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕರಾವಳಿಯ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ವಿಶ್ವದ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮೂರಿನ ಕಾಲೇಜಿನ ಇಷ್ಟು ಮಂದಿ ಪ್ರಾಧ್ಯಾಪಕರು. ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು, ಅಡಿಯಲ್ಲಿ ಹೆಸರು, ವಿಭಾಗ. ಸಿಇಟಿ, ಜೆಇಇ ಫಲಿತಾಂಶದ ದಿನಗಳಲ್ಲಿ ಅದೇ ಪುಟಗಳಲ್ಲಿ ಇನ್ನೊಂದು ಬಗೆಯ ಅಂಕಿಗಳು: ಇಷ್ಟು ಸಾವಿರ ಸಂಶೋಧನಾ ಪ್ರಬಂಧ, ಇಷ್ಟು ನೂರು ಪೇಟೆಂಟ್, ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಇಷ್ಟನೆಯ ಸ್ಥಾನ. ಮಗಳನ್ನು ಎಂಜಿನಿಯರಿಂಗ್‌ಗೆ ಸೇರಿಸಲು ಹೊರಟ ಕಾರ್ಕಳದ ತಂದೆಯೊಬ್ಬರು ಇದನ್ನು ಓದಿ ‘ಒಳ್ಳೆಯ ಕಾಲೇಜೇ ಇರಬೇಕು’ ಎಂದುಕೊಳ್ಳುತ್ತಾರೆ. ಆ ಅಂಕಿಗಳಿಂದ ಅದಕ್ಕಿಂತ ಹೆಚ್ಚನ್ನೇ ತಿಳಿಯಬಹುದು. ಕೆಲವು ಕಡೆ ಅಷ್ಟನ್ನೂ ನಂಬಬೇಕಾಗಿಲ್ಲ.

ಅಂಕಿಗಳು ಬಹುಮಟ್ಟಿಗೆ ನಿಜವೇ. ಆದರೆ ಅವು ಏನನ್ನು ಎಣಿಸುತ್ತವೆ, ಏನನ್ನು ಬಿಡುತ್ತವೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಮುಖ್ಯ ಸಂಗತಿ ಇದು: ಈ ಎಣಿಕೆಯಲ್ಲಿ, ಮಳೆಗೆ ಕುಸಿಯುವ ನಮ್ಮ ಗುಡ್ಡಗಳ ಶೇಡಿ ಮಣ್ಣಿನಂಥ ಕಾಲಡಿಯ ಪ್ರಶ್ನೆಗಳಿಗೆ ಅಂಕ ಕಡಿಮೆ, ಇಡೀ ಜಗತ್ತು ಒಟ್ಟಾಗಿ ಬೆನ್ನು ಹತ್ತಿರುವ ಪ್ರಶ್ನೆಗಳಿಗೆ ಹೆಚ್ಚು. ಪ್ರಾದೇಶಿಕ ಕಾಲೇಜಾಗಿ ಹುಟ್ಟಿದ ಸಂಸ್ಥೆಯೊಂದರಲ್ಲಿ ಇದರ ಪರಿಣಾಮ ಸಣ್ಣದಲ್ಲ. ಉದಾಹರಣೆಗೆ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜನ್ನೇ ತೆಗೆದುಕೊಳ್ಳೋಣ. ಗಣಿತದಿಂದ ಹಿಡಿದು ಗಣಿ ಎಂಜಿನಿಯರಿಂಗ್‌ವರೆಗೆ ಎಲ್ಲವೂ ಒಂದೇ ಆವರಣದಲ್ಲಿರುವ ಜಾಗ ಅದು. ಒಂದು ಕಡೆ ಸಮುದ್ರ, ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66.

ಹಳಬರು ಇಂದಿಗೂ ಕೆಆರ್‌ಇಸಿ ಎಂದೇ ಕರೆಯುವ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಶುರುವಾಯಿತು. ಅದನ್ನು ಇಲ್ಲಿಗೆ ತಂದವರು ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು. ಕ್ಯಾಂಪಸ್ಸಿನ ಅಂಚೆ ವಿಳಾಸ ಶ್ರೀನಿವಾಸನಗರ ಎಂದಿರುವುದು ಅವರ ನೆನಪಿಗೆ. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ವಿದ್ಯುತ್ ಸ್ಥಾವರಗಳನ್ನು ಕಟ್ಟುತ್ತಿದ್ದ ದೇಶಕ್ಕೆ ಎಂಜಿನಿಯರುಗಳು ಬೇಕಾಗಿದ್ದ ಕಾಲ ಅದು. ಕೇಂದ್ರವೂ ರಾಜ್ಯಗಳೂ ಸೇರಿ ಬೇರೆ ಬೇರೆ ಕಡೆ ಇಂಥ ಕಾಲೇಜುಗಳನ್ನು ತೆರೆದವು. ಅರ್ಧ ಸೀಟು ರಾಜ್ಯದವರಿಗೆ, ಉಳಿದರ್ಧ ಹೊರಗಿನವರಿಗೆ. ಪಾಠ ಹೇಳಿ ಪದವೀಧರರನ್ನು ಹೊರಗೆ ಕಳುಹಿಸುವುದು ಮೊದಲ ಕೆಲಸ. ಸಂಶೋಧನೆ ಆಸಕ್ತಿಯುಳ್ಳ ಅಧ್ಯಾಪಕರ ಪಾಡು. ಪದವಿ ಕೊಡುತ್ತಿದ್ದುದು ಮೊದಲು ಮೈಸೂರು ವಿಶ್ವವಿದ್ಯಾಲಯ, 1980ರ ನಂತರ ಮಂಗಳೂರು ವಿಶ್ವವಿದ್ಯಾಲಯ. 2002ರಲ್ಲಿ ಅದು ಎನ್‌ಐಟಿಕೆ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಕರ್ನಾಟಕ) ಆಯಿತು, 2007ರ ಕಾಯ್ದೆಯಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯಾಯಿತು. ತನ್ನದೇ ಪಿಎಚ್‌ಡಿ ಕೊಡುವ ಅಧಿಕಾರ ಬಂದದ್ದರ ಜೊತೆಗೇ ‘ಎಷ್ಟು ಪ್ರಕಟಿಸಿದಿರಿ’ ಎಂಬ ಪ್ರಶ್ನೆಯೂ ಬಂತು.

ಒಂದು ಪ್ರಬಂಧದ ಹಿಂದೆ

ಎಣಿಕೆಯ ಮಾತಿಗೆ ಮುಂಚೆ ಎಣಿಸಲ್ಪಡುವ ವಸ್ತುವನ್ನು ಒಮ್ಮೆ ನೋಡಬೇಕು. ಮೊದಲು ಅಪ್ಲೈಡ್ ಮೆಕ್ಯಾನಿಕ್ಸ್ ಮತ್ತು ಹೈಡ್ರಾಲಿಕ್ಸ್ ಎಂದಿದ್ದು ಈಗ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ಎಂದು ಹೆಸರಾಗಿರುವ ವಿಭಾಗದಲ್ಲಿ 50 ಮೀಟರ್ ಉದ್ದದ ಒಂದು ಕಾಲುವೆಯಿದೆ. ಅಗಲ 71 ಸೆಂಟಿಮೀಟರ್, ಆಳ 1.1 ಮೀಟರ್. ಒಂದು ತುದಿಯಲ್ಲಿ ಮೋಟಾರಿನಿಂದ ಹಿಂದೆ ಮುಂದೆ ಆಡುವ ಹಲಗೆ. ಅದು ಆಡಿದಂತೆ ನೀರಿನಲ್ಲಿ ಅಲೆ ಏಳುತ್ತದೆ. ಇನ್ನೊಂದು ತುದಿಯಲ್ಲಿ ಕಲ್ಲು, ಕಾಂಕ್ರೀಟ್ ಕ್ಯೂಬುಗಳನ್ನು ಪೇರಿಸಿ ಮಾಡಿದ, ಅಲೆ ತಡೆಯುವ ದಂಡೆಯ (ಬ್ರೇಕ್‌ವಾಟರ್) ಮಾದರಿ. ಬೆಂಗ್ರೆಯ ಅಳಿವೆ ಬಾಗಿಲಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಕಲ್ಲಿನ ದಂಡೆಗಳನ್ನು ನೋಡಿದವರಿಗೆ ಇದು ಅವುಗಳ ಮರಿಯಂತೆ ಕಾಣುತ್ತದೆ.

ಮಾದರಿ ಮೂವತ್ತರಲ್ಲಿ ಒಂದು ಪಾಲಿನದಾದರೆ, ಕಡಲಿನ 3 ಮೀಟರ್ ಎತ್ತರದ ಅಲೆ ಇಲ್ಲಿ 10 ಸೆಂಟಿಮೀಟರ್. ಆದರೆ ಕಾಲ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಗುರುತ್ವದ ನಿಯಮಕ್ಕೆ ತಕ್ಕಂತೆ ಅದನ್ನು 30ರ ವರ್ಗಮೂಲದಿಂದ ಭಾಗಿಸಬೇಕು. ಕಡಲಲ್ಲಿ 10 ಸೆಕೆಂಡಿಗೊಮ್ಮೆ ಬರುವ ಅಲೆ ಇಲ್ಲಿ 1.8 ಸೆಕೆಂಡಿಗೊಮ್ಮೆ ಬರಬೇಕು. ತೂಕವನ್ನು 30ರ ಘನದಿಂದ, ಅಂದರೆ 27,000ದಿಂದ ಭಾಗಿಸಬೇಕು. 10 ಟನ್ನಿನ ಬಂಡೆಯ ಜಾಗದಲ್ಲಿ 370 ಗ್ರಾಂ ತೂಗುವ ಕಲ್ಲು. ಅಲೆಯ ಎತ್ತರ, ಅವಧಿ, ನೀರಿನ ಆಳ ಒಂದೊಂದನ್ನೇ ಬದಲಿಸುತ್ತ, ಪ್ರತಿ ಸಲವೂ ಸಾವಿರಾರು ಅಲೆ ಹೊಡೆಸಿ, ಎಷ್ಟು ಕಲ್ಲು ಜಾರಿತು ಎಂದು ಅಳೆಯಬೇಕು. ದಂಡೆ ಕುಸಿದರೆ ಕಲ್ಲುಗಳನ್ನೆಲ್ಲ ಆರಿಸಿ ಮತ್ತೆ ಮೊದಲಿನಿಂದ ಪೇರಿಸಬೇಕು. ಪಿಎಚ್‌ಡಿ ವಿದ್ಯಾರ್ಥಿಯೊಬ್ಬರ ವರ್ಷಗಳು ಇದರಲ್ಲಿ ಕಳೆಯುತ್ತವೆ. ಕೊನೆಗೆ ಕೈಗೆ ಬರುವುದು ಒಂದು ಮಹಾಪ್ರಬಂಧ, ಅದರಿಂದ ಬೆರಳೆಣಿಕೆಯ ಪ್ರಬಂಧಗಳು.

ಬರೆದದ್ದು ಜರ್ನಲ್ಲಿಗೆ, ಅಂದರೆ ಸಂಶೋಧನಾ ಪತ್ರಿಕೆಗೆ, ಹೋದ ಮೇಲೆ ಸಂಪಾದಕರು ಮೇಲ್ನೋಟಕ್ಕೇ ವಾಪಸ್ ಕಳುಹಿಸಬಹುದು. ದಾಟಿದರೆ ಅದೇ ವಿಷಯದ ಇಬ್ಬರು ಮೂವರು ಪರಿಣತರಿಗೆ ಹೋಗುತ್ತದೆ. ಅವರಿಗೆ ಸಾಮಾನ್ಯವಾಗಿ ಸಂಬಳವಿಲ್ಲ, ಹೆಸರೂ ಹೊರಗೆ ಬರುವುದಿಲ್ಲ. ‘ಈ ಪ್ರಯೋಗ ಮತ್ತೆ ಮಾಡಿ’, ‘ಈ ಚಿತ್ರ ತಿಳಿಯಲಿಲ್ಲ’, ‘ಇದರಲ್ಲಿ ಹೊಸತೇನು’ ಎಂದು ಬರೆಯುತ್ತಾರೆ. ಕೆಲವೊಮ್ಮೆ ತಮ್ಮದೇ ಹಳೆಯ ಪ್ರಬಂಧಗಳನ್ನು ಉಲ್ಲೇಖಿಸಲು ಸೂಚಿಸುವವರೂ ಉಂಟು. ತಿದ್ದಿ ಕಳುಹಿಸಿ, ಮತ್ತೆ ತಿದ್ದಿ, ತಿಂಗಳುಗಟ್ಟಲೆ ಕಾದ ಮೇಲೆ ಅಚ್ಚು. ಈ ಪರಿಶೀಲನೆ ತಪ್ಪುಗಳನ್ನೆಲ್ಲ ಹಿಡಿಯುತ್ತದೆ ಎಂದೇನೂ ಇಲ್ಲ. ಆದರೂ ಇದಕ್ಕಿಂತ ಒಳ್ಳೆಯ ಜರಡಿ ಇನ್ನೂ ಬಂದಿಲ್ಲ.

ಎಣಿಸುವವರು ಯಾರು?

ಕಾಲೇಜು ತಾನೇ ಎಣಿಸಿಕೊಂಡ ಸಂಖ್ಯೆ ಒಂದಿರುತ್ತದೆ, ಅದು ವಾರ್ಷಿಕ ವರದಿಗೆ. ಹೊರಗಿನವರು ಒಪ್ಪುವುದು ಮುಖ್ಯವಾಗಿ ಎರಡು ದತ್ತಾಂಶ ಕೋಶಗಳನ್ನು: ಎಲ್ಸೆವಿಯರ್ ಪ್ರಕಾಶನ ಸಂಸ್ಥೆ 2004ರಲ್ಲಿ ಆರಂಭಿಸಿದ ಸ್ಕೋಪಸ್ ಮತ್ತು ಕ್ಲಾರಿವೇಟ್ ಕಂಪನಿಯ ವೆಬ್ ಆಫ್ ಸೈನ್ಸ್. ಎರಡೂ ತಾವು ಆಯ್ದ ಜರ್ನಲ್‌ಗಳನ್ನಷ್ಟೇ ಸೇರಿಸಿಕೊಳ್ಳುತ್ತವೆ. ಗೂಗಲ್ ಸ್ಕಾಲರ್ ಅಂತರ್ಜಾಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ; ಹಾಗಾಗಿ ಒಬ್ಬರೇ ಪ್ರಾಧ್ಯಾಪಕರ ಅಂಕಿ ಸ್ಕಾಲರ್‌ನಲ್ಲಿ ಹೆಚ್ಚು, ಸ್ಕೋಪಸ್‌ನಲ್ಲಿ ಕಡಿಮೆ. ಜಾಹೀರಾತಿಗೆ ಯಾವುದನ್ನು ಬಳಸುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ 2016ರಿಂದ ನಡೆದು ಬಂದಿದೆ. ಎಂಜಿನಿಯರಿಂಗ್ ವಿಭಾಗದಲ್ಲಿ 100ಕ್ಕೆ 30 ಅಂಕ ಸಂಶೋಧನೆಗೆ ಮೀಸಲು: ಪ್ರಬಂಧಗಳ ಸಂಖ್ಯೆ, ಅವುಗಳ ಗುಣಮಟ್ಟ, ಪೇಟೆಂಟ್, ಯೋಜನೆ ಮತ್ತು ಸಲಹಾ ಕೆಲಸದಿಂದ ಬಂದ ಹಣ. ಪ್ರಬಂಧದ ಲೆಕ್ಕ ಬರುವುದು ಈ ಎರಡು ಕೋಶಗಳಿಂದ. ಇಲ್ಲಿ ಗುಣಮಟ್ಟ ಎಂದರೆ ಯಾರೋ ಕೂತು ಓದಿ ಕೊಟ್ಟ ಅಂಕ ಎಂದುಕೊಳ್ಳಬೇಡಿ. ಬೇರೆಯವರು ತಮ್ಮ ಪ್ರಬಂಧದ ಕೊನೆಯ ಪಟ್ಟಿಯಲ್ಲಿ ಇದನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಎಣಿಕೆ ಅದು. ಆ ಉಲ್ಲೇಖಗಳನ್ನೇ ಎಲ್ಲರೂ ‘ಸೈಟೇಶನ್’ ಎನ್ನುತ್ತಾರೆ.

ವ್ಯಕ್ತಿಗಳ ಮಟ್ಟದಲ್ಲಿ ಹೆಚ್ಚು ಕೇಳಿಬರುವುದು ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆ. ಒಬ್ಬರ ಪ್ರಬಂಧಗಳನ್ನು ಹೆಚ್ಚು ಉಲ್ಲೇಖದಿಂದ ಕಡಿಮೆಗೆ ಸಾಲಾಗಿ ಇಡಿ. ಆರು ಪ್ರಬಂಧಗಳಿಗೆ ಕ್ರಮವಾಗಿ 120, 40, 9, 4, 3, 0 ಉಲ್ಲೇಖ ಬಂದಿದ್ದರೆ, ಕನಿಷ್ಠ 4 ಉಲ್ಲೇಖ ಪಡೆದ ಪ್ರಬಂಧಗಳು 4, ಎಚ್-ಇಂಡೆಕ್ಸ್ 4. ಪಕ್ಕದ ಕೊಠಡಿಯವರ ಆರು ಪ್ರಬಂಧಗಳಿಗೂ ತಲಾ 6 ಉಲ್ಲೇಖ ಬಂದಿದ್ದರೆ ಅವರದು 6. ಮೊದಲನೆಯವರ ಒಟ್ಟು ಉಲ್ಲೇಖ 176, ಎರಡನೆಯವರದು 36. ಯಾರ ಕೆಲಸ ದೊಡ್ಡದು? ಎಚ್-ಇಂಡೆಕ್ಸ್ ಎರಡನೆಯವರತ್ತ ಬೆರಳು ತೋರಿಸುತ್ತದೆ. ಜೊತೆಗೆ ಇದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕೆಲಸ ನಿಲ್ಲಿಸಿ ಹತ್ತು ವರ್ಷ ಸುಮ್ಮನಿದ್ದರೂ ಹಳೆಯ ಪ್ರಬಂಧಗಳ ಬಲದ ಮೇಲೆ ಏರುತ್ತಲೇ ಹೋಗಬಹುದು.

ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಇನ್ನೂ ಹಳೆಯದು, ಯೂಜೀನ್ ಗಾರ್ಫೀಲ್ಡ್ ಅವರ 1955ರ ಯೋಚನೆ. ಹಿಂದಿನ ಎರಡು ವರ್ಷಗಳಲ್ಲಿ ಜರ್ನಲ್ಲೊಂದು 200 ಪ್ರಬಂಧ ಅಚ್ಚು ಹಾಕಿ, ಈ ವರ್ಷ ಅವುಗಳಿಗೆ ಒಟ್ಟು 600 ಉಲ್ಲೇಖ ಬಂದರೆ ಅದರ ಅಂಕ 3. ಇದು ಸರಾಸರಿ. ನಾಲ್ಕಾರು ಪ್ರಬಂಧಗಳೇ ಉಲ್ಲೇಖಗಳ ದೊಡ್ಡ ಪಾಲನ್ನು ತಂದಿದ್ದು, ಉಳಿದವುಗಳ ಕಡೆ ಯಾರೂ ಹೊರಳಿ ನೋಡದೇ ಇರಬಹುದು. ಹಾಗಿದ್ದೂ ಅಲ್ಲಿ ಅಚ್ಚಾದ ಪ್ರತಿ ಪ್ರಬಂಧಕ್ಕೂ ಆ ಅಂಕ ಅಂಟಿಕೊಳ್ಳುತ್ತದೆ. ವಿಷಯವಾರು ಪಟ್ಟಿಯ ಮೇಲಿನ ಕಾಲು ಭಾಗದಲ್ಲಿರುವ ಜರ್ನಲ್ ‘ಕ್ಯೂ1’. ಕ್ಯಾಂಟೀನಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳ ಮಾತು ಕೇಳಿಸಿಕೊಂಡರೆ ಈ ಶಬ್ದ ಕಿವಿಗೆ ಬೀಳದೆ ಇರದು.

ಇನ್ನು ಶೇ 2ರ ಪಟ್ಟಿ. ಸ್ಟ್ಯಾನ್‌ಫೋರ್ಡಿನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ಲೆಕ್ಕ ಹಾಕಿ ಹೊರತರುವ ಕೋಷ್ಟಕ ಅದು. ಯಾರೂ ಅರ್ಜಿ ಹಾಕುವುದಿಲ್ಲ, ಯಾವ ಸಮಿತಿಯೂ ಆರಿಸುವುದಿಲ್ಲ. ಹಾಗಾಗಿ ಪ್ರಶಸ್ತಿ ಎನ್ನುವುದು ಸರಿಯಲ್ಲ. ಅದರಲ್ಲಿ ಎರಡು ಪಟ್ಟಿಗಳಿವೆ, ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷ ಬಂದ ಉಲ್ಲೇಖಗಳದ್ದು. ಎರಡನೆಯದರಲ್ಲಿ ಹೆಸರು ಬರುವುದು ಸುಲಭ, ಮುಂದಿನ ವರ್ಷ ಕಾಣೆಯಾಗುವುದೂ ಅಷ್ಟೇ ಸುಲಭ. ಸುದ್ದಿಯಲ್ಲಿ ಯಾವ ಪಟ್ಟಿ ಎಂದು ಬರೆದಿದೆಯೇ ನೋಡಿ; ಹೆಚ್ಚಾಗಿ ಬರೆದಿರುವುದಿಲ್ಲ.

ವಿಭಾಗ ವಿಭಾಗಕ್ಕೂ ಬೇರೆ ಲೆಕ್ಕ

ಮಲ್ಪೆ ಬಂದರಿನಲ್ಲಿ ಬಂಗುಡೆಯನ್ನೂ ಅಂಜಲನ್ನೂ ಒಟ್ಟಿಗೆ ಸುರಿದು ‘ಇವತ್ತು ಇಷ್ಟು ಸಾವಿರ ಮೀನು’ ಎಂದು ಹರಾಜು ಕೂಗಿದರೆ ಕೊಳ್ಳುವವರು ನಕ್ಕು ಮುಂದೆ ಹೋಗುತ್ತಾರೆ. ಕಾಲೇಜಿನ ಒಟ್ಟು ಪ್ರಬಂಧಗಳ ಸಂಖ್ಯೆ ಹೆಚ್ಚುಕಡಿಮೆ ಅಂಥದೇ ಕೂಗು.

ಗಣಿತದವರು ನಿಧಾನಿಗಳು. ಒಂದು ಪ್ರಮೇಯದ ಸಾಧನೆಗೆ ವರ್ಷ ಹಿಡಿಯಬಹುದು, ಪರಿಶೀಲಕರು ಅದನ್ನು ಸಾಲುಸಾಲಾಗಿ ಓದಲು ಇನ್ನೊಂದು ವರ್ಷ ತೆಗೆದುಕೊಳ್ಳಬಹುದು. ಲೇಖಕರು ಒಬ್ಬರು, ಇಬ್ಬರು. ಉಲ್ಲೇಖಗಳು ಕೆಲವೇ, ಆದರೆ ಇಪ್ಪತ್ತು ವರ್ಷದ ನಂತರವೂ ಬರುತ್ತಿರುತ್ತವೆ; ಎರಡೇ ವರ್ಷ ನೋಡುವ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಅವು ಕಾಣುವುದೇ ಇಲ್ಲ. ರಸಾಯನವಿಜ್ಞಾನ, ಲೋಹ ಮತ್ತು ವಸ್ತು ವಿಜ್ಞಾನದವರದು ತದ್ವಿರುದ್ಧ. ಹೊಸ ವಸ್ತುವೊಂದನ್ನು ತಯಾರಿಸಿ, ಎಕ್ಸ್-ಕಿರಣ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಡಿ ನೋಡಿದರೆ ಒಂದು ಪ್ರಬಂಧಕ್ಕೆ ಸಾಮಗ್ರಿ ಸಿದ್ಧ. ಸೌರಕೋಶ, ಬ್ಯಾಟರಿ, ನ್ಯಾನೊ ವಸ್ತುಗಳ ಮೇಲೆ ಕೆಲಸ ಮಾಡುವವರು ಜಗತ್ತಿನ ತುಂಬ ಇರುವುದರಿಂದ ಉಲ್ಲೇಖಗಳು ಹರಿದು ಬರುತ್ತವೆ. ಕಂಪ್ಯೂಟರ್ ವಿಜ್ಞಾನದಲ್ಲಿ ಒಳ್ಳೆಯ ಕೆಲಸ ಅನೇಕ ಸಲ ಜರ್ನಲ್ಲಿಗಿಂತ ಮೊದಲು ಸಮ್ಮೇಳನಗಳಲ್ಲಿ ಬರುತ್ತದೆ, ಅದರ ಆಯ್ಕೆ ಕೆಲವು ಜರ್ನಲ್‌ಗಳಿಗಿಂತ ಬಿಗಿ. ಹಾಗೆಂದು ಎಲ್ಲ ಸಮ್ಮೇಳನಗಳೂ ಹಾಗಲ್ಲ. ನೋಂದಣಿ ಶುಲ್ಕ ಕಟ್ಟಿದವರನ್ನೆಲ್ಲ ಸ್ವೀಕರಿಸುವ ‘ಅಂತರರಾಷ್ಟ್ರೀಯ’ ಸಮ್ಮೇಳನಗಳು ಬೀದಿಗೊಂದು ಇವೆ.

ಲೇಖಕರ ಸಾಲನ್ನು ಓದುವ ಕ್ರಮವೂ ಬೇರೆ ಬೇರೆ. ಗಣಿತದಲ್ಲಿ ಹೆಸರುಗಳು ಅಕ್ಷರಾನುಕ್ರಮದಲ್ಲಿರುವುದು ರೂಢಿ, ಮೊದಲು ಬಂದವರಿಗೆ ವಿಶೇಷ ಗೌರವವೇನೂ ಇಲ್ಲ. ಪ್ರಯೋಗಾಲಯದ ವಿಷಯಗಳಲ್ಲಿ ಮೊದಲ ಹೆಸರು ಬೆವರು ಸುರಿಸಿದ ವಿದ್ಯಾರ್ಥಿಯದು, ಕೊನೆಯದು ಗೈಡ್‌ದು. ಕಣ ಭೌತವಿಜ್ಞಾನದಲ್ಲಿ ಲೆಕ್ಕವೇ ತಪ್ಪುತ್ತದೆ. ಹಿಗ್ಸ್ ಕಣದ ದ್ರವ್ಯರಾಶಿಯ ಕುರಿತು 2015ರಲ್ಲಿ ಬಂದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಲೇಖಕರು ಮತ್ತು ಸಂಸ್ಥೆಗಳ ಪಟ್ಟಿಯೇ. ಇಂಥ ಒಂದು ಕೂಟದಲ್ಲಿ ಕಾಲೇಜಿನ ಒಬ್ಬರೇ ಇದ್ದರೂ ಸಾಕು, ಇಡೀ ಸಂಸ್ಥೆಯ ಉಲ್ಲೇಖದ ಗ್ರಾಫ್ ಮೇಲಕ್ಕೆ ಜಿಗಿಯುತ್ತದೆ. ವೈದ್ಯಕೀಯದಲ್ಲೂ ನೂರಾರು ಲೇಖಕರ ಪ್ರಬಂಧಗಳು ಬರುವುದುಂಟು. ‘ಮಣಿಪಾಲ ಮುಂದೋ ಸುರತ್ಕಲ್ ಮುಂದೋ’ ಎಂದು ವಾದಿಸುವವರು ನೆನಪಿಡಬೇಕಾದದ್ದೂ ಇದೇ: ಮಣಿಪಾಲ ವಿಶ್ವವಿದ್ಯಾಲಯದ ಒಟ್ಟು ಲೆಕ್ಕದಲ್ಲಿ 1953ರ ಕಸ್ತೂರ್ಬಾ ವೈದ್ಯಕೀಯ ಕಾಲೇಜೂ 1957ರ ತಾಂತ್ರಿಕ ಕಾಲೇಜೂ ಒಟ್ಟಿಗೇ ಬರುತ್ತವೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ವೈದ್ಯಕೀಯ ಕಾಲೇಜಿಲ್ಲ.

ಹೆಸರಿನ ಗೋಜಲು ಬೇರೆ. ಹಳೆಯ ಪ್ರಬಂಧಗಳಲ್ಲಿ ಸಂಸ್ಥೆಯ ಹೆಸರು ಕೆಆರ್‌ಇಸಿ, ಆಮೇಲೆ ಎನ್‌ಐಟಿಕೆ, ಕೆಲವರು ಪೂರ್ತಿ ಹೆಸರು ಬರೆಯುವವರು, ಕೆಲವರು ‘ಎನ್‌ಐಟಿ ಸುರತ್ಕಲ್’ ಎನ್ನುವವರು. ಊರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಮಂಗಳೂರು ಎಂದು ಬದಲಾಯಿತು. ಇವನ್ನೆಲ್ಲ ಒಂದೇ ಸಂಸ್ಥೆಯ ಅಡಿಯಲ್ಲಿ ಜೋಡಿಸುವ ಕೆಲಸ ತಪ್ಪಿದಷ್ಟೂ ಎಣಿಕೆ ತಪ್ಪುತ್ತದೆ. ವ್ಯಕ್ತಿಗಳದು ಇನ್ನೂ ಕಷ್ಟ. ಕರಾವಳಿಯಲ್ಲಿ ‘ಕೆ. ಭಟ್’, ‘ಎಸ್. ಶೆಟ್ಟಿ’, ‘ಪಿ. ರಾವ್’ ಎಂಬ ಹೆಸರಿನಲ್ಲಿ ಎಷ್ಟು ಸಂಶೋಧಕರಿದ್ದಾರೆ ಎಂದು ಊಹಿಸಿಕೊಳ್ಳಿ. ಒಬ್ಬರ ಸಿವಿಲ್ ಎಂಜಿನಿಯರಿಂಗ್ ಪ್ರಬಂಧ ಇನ್ನೊಬ್ಬರ ದಂತವೈದ್ಯದ ಖಾತೆಗೆ ಹೋದ ಪ್ರೊಫೈಲುಗಳನ್ನು ಸ್ಕಾಲರ್‌ನಲ್ಲಿ ಹುಡುಕಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ಇದಕ್ಕೆಂದೇ 2012ರಿಂದ ಆರ್ಕಿಡ್ ಎಂಬ 16 ಅಂಕಿಯ ಗುರುತಿನ ಸಂಖ್ಯೆ ಬಂದಿದೆ.

ಕಾಲಡಿಯ ಪ್ರಶ್ನೆ

ಈಗ ಶೇಡಿ ಮಣ್ಣಿಗೆ ಬರೋಣ. ಮಂಗಳೂರಿನ ಗುಡ್ಡಗಳನ್ನು ಕಡಿದಲ್ಲೆಲ್ಲ ಅದು ಕಾಣುತ್ತದೆ. ಮೇಲೆ ಕೆಂಪಗಿನ ಗಟ್ಟಿ ಮುರಕಲ್ಲಿನ ಪದರ, ಅದರ ಕೆಳಗೆ ಬಿಳಿ, ನಸುಗೆಂಪು, ಹಳದಿ ಬಣ್ಣ ಕಲೆತ ನುಣುಪಾದ ಮಣ್ಣು. ಒಣಗಿದ್ದಾಗ ಬೆರಳಲ್ಲಿ ಒತ್ತಿದರೂ ಜಗ್ಗದು, ನೆಟ್ಟಗೆ ಗೋಡೆ ಕಡಿದಂತೆ ಕಡಿದರೂ ನಿಲ್ಲುತ್ತದೆ. ಗುತ್ತಿಗೆದಾರರು ಮೋಸ ಹೋಗುವುದು ಅಲ್ಲೇ. ಜೂನ್ ತಿಂಗಳ ಮಳೆ ಎರಡು ವಾರ ಸುರಿದು ನೀರು ಒಳಗಿಳಿದರೆ ಅದೇ ಮಣ್ಣು ಬಿಗಿ ಕಳೆದುಕೊಂಡು ಹಿಟ್ಟಿನಂತೆ ಕರಗಿ ಹರಿಯುತ್ತದೆ. ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಬೀಳುವ ಊರಿನಲ್ಲಿ ರಸ್ತೆ ಬದಿಯ ಧರೆ ಕುಸಿಯುವುದು, ಅಪಾರ್ಟ್‌ಮೆಂಟಿಗೆಂದು ತೋಡಿದ ಗುಂಡಿಯ ಅಂಚು ಪಕ್ಕದ ಮನೆಯ ಆವರಣ ಗೋಡೆಯ ಸಮೇತ ಜಾರುವುದು ಪ್ರತಿ ಮಳೆಗಾಲದ ಸುದ್ದಿ.

ಸುರತ್ಕಲ್ಲಿನ ಸಿವಿಲ್ ವಿಭಾಗದಲ್ಲಿ ಈ ಮಣ್ಣಿನ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಸುಣ್ಣ, ಸಿಮೆಂಟ್, ಹಾರುಬೂದಿ, ಉಕ್ಕಿನ ಕುಲುಮೆಯ ಕಿಟ್ಟದ ಪುಡಿ, ತೆಂಗಿನ ನಾರು ಮುಂತಾದವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಎಷ್ಟು ಗಟ್ಟಿಯಾಗುತ್ತದೆ, ನೆನೆಸಿದ ಮೇಲೆ ಎಷ್ಟು ಉಳಿಯುತ್ತದೆ, ರಸ್ತೆಯ ತಳಪಾಯಕ್ಕೆ ಆದೀತೇ ಎಂಬ ಪರೀಕ್ಷೆಗಳು. ಕೆಲಸ ಕಣ್ಣು ಕೋರೈಸುವಂಥದಲ್ಲ. ಸಿಲಿಂಡರಿನಾಕಾರದ ಮಣ್ಣಿನ ತುಂಡುಗಳನ್ನು ಮಾಡಿ, 7 ದಿನ, 28 ದಿನ ಹದಗೊಳಿಸಿ, ಯಂತ್ರದಡಿ ಮುರಿಯುವವರೆಗೆ ಒತ್ತುವುದು. ಆದರೆ ಬಜಾಲಿನಲ್ಲೋ ಬೋಂದೆಲಿನಲ್ಲೋ ಮನೆ ಕಟ್ಟುವವರಿಗೆ ಗ್ರ್ಯಾಫೀನಿನಂಥ ನ್ಯಾನೊ ವಸ್ತುವಿಗಿಂತ ಈ ತುಂಡಿನ ಸುದ್ದಿ ಹೆಚ್ಚು ಉಪಯೋಗದ್ದು.

ಇದರ ಪ್ರಬಂಧವನ್ನು ಯಾರು ಉಲ್ಲೇಖಿಸುತ್ತಾರೆ? ಇದೇ ಬಗೆಯ ಮಣ್ಣು ಇರುವುದು ಕೊಂಕಣ, ಮಲಬಾರ್ ತೀರ ಮತ್ತು ಅಂಥ ಕೆಲವು ಉಷ್ಣವಲಯದ ಪ್ರದೇಶಗಳಲ್ಲಿ. ಅದರ ಮೇಲೆ ಕೆಲಸ ಮಾಡುವ ತಂಡಗಳು ಬೆರಳೆಣಿಕೆ. ಅವರೆಲ್ಲರೂ ತಪ್ಪದೆ ಉಲ್ಲೇಖಿಸಿದರೂ ಬ್ಯಾಟರಿಯ ಸಾಧಾರಣ ಪ್ರಬಂಧವೊಂದರ ಲೆಕ್ಕವನ್ನು ಮುಟ್ಟುವುದು ಕಷ್ಟ. ದೊಡ್ಡ ಜರ್ನಲ್ಲಿನ ಸಂಪಾದಕರಿಗೆ ‘ಸ್ಥಳೀಯ ಆಸಕ್ತಿಯದು’ ಎಂದು ಹಿಂದಿರುಗಿಸಲು ಒಂದು ವಾಕ್ಯ ಸಾಕು. ಹೊಸದಾಗಿ ಕೆಲಸಕ್ಕೆ ಸೇರಿದ ಸಹಾಯಕ ಪ್ರಾಧ್ಯಾಪಕಿಗೆ ಬಡ್ತಿಗೆ ಬೇಕಾದದ್ದು ಕ್ಯೂ1 ಪ್ರಬಂಧ. ಅವರು ಶೇಡಿಯನ್ನು ಬಿಟ್ಟು ಎಲ್ಲರೂ ಬರೆಯುವ ವಿಷಯಕ್ಕೆ ಹೊರಳಿದರೆ ಅವರನ್ನು ದೂರುವುದು ಹೇಗೆ? ಯಾರೂ ಹಾಗೆ ಮಾಡಿ ಎಂದು ಹೇಳಿರುವುದಿಲ್ಲ, ಅಂಕಪಟ್ಟಿಯೇ ಹೇಳುತ್ತದೆ. ಅಡಿಕೆ ಸಿಪ್ಪೆಯ ನಾರು, ಗೇರುಬೀಜದ ಸಿಪ್ಪೆಯ ಎಣ್ಣೆ, ಉಳ್ಳಾಲದ ಕಡಲ್ಕೊರೆತ, ಬೇಸಿಗೆಯಲ್ಲಿ ಬಾವಿಗೆ ನುಗ್ಗುವ ಉಪ್ಪುನೀರು ಇವೆಲ್ಲದರ ಕಥೆಯೂ ಸುಮಾರಾಗಿ ಇದೇ. ಜಾಣರಾದವರು ಊರಿನ ವಿಷಯಕ್ಕೆ ಜಗತ್ತಿನ ಪ್ರಶ್ನೆಯ ಅಂಗಿ ತೊಡಿಸಿ ಎರಡನ್ನೂ ಸಾಧಿಸುತ್ತಾರೆ: ಶೇಡಿ ಮಣ್ಣಿಗೆ ಹಾರುಬೂದಿ ಬೆರೆಸಿದ್ದನ್ನು ‘ಇಂಗಾಲ ಕಡಿತ’ದ ಹೆಸರಿನಲ್ಲಿ ಬರೆಯುವುದು ಅಂಥದೊಂದು ಉಪಾಯ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಇನ್ನು ಗುಡ್ಡ ಕುಸಿದಾಗ, ಹಳೆಯ ಸೇತುವೆಯ ಬಲದ ಬಗ್ಗೆ ಅನುಮಾನ ಬಂದಾಗ ಜಿಲ್ಲಾಡಳಿತ ಕರೆಸುವುದು ಸುರತ್ಕಲ್ಲಿನ ತಜ್ಞರನ್ನೇ. ಅವರು ಹೋಗಿ ನೋಡಿ, ಮಾದರಿ ತೆಗೆದು, ವರದಿ ಬರೆದು ಕೊಡುತ್ತಾರೆ. ಆ ವರದಿಯ ಮೇಲೆ ರಸ್ತೆ ಮುಚ್ಚುತ್ತದೆ ಅಥವಾ ತೆರೆಯುತ್ತದೆ. ಆದರೆ ಅದು ಪ್ರಬಂಧವಲ್ಲ, ಸ್ಕೋಪಸ್‌ನಲ್ಲಿ ಬಾರದು. ಸಂಸ್ಥೆಗೆ ಸಂದ ಸಲಹಾ ಶುಲ್ಕ ಮಾತ್ರ ಶ್ರೇಯಾಂಕದ ಒಂದು ಮೂಲೆಯಲ್ಲಿ ಸೇರುತ್ತದೆ. ವರದಿ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇದೇ ವಿಷಯವನ್ನು ಗುತ್ತಿಗೆದಾರರಿಗೆ, ಪಂಚಾಯಿತಿಯ ಎಂಜಿನಿಯರುಗಳಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆದರೆ ಅದಕ್ಕೂ ಅಂಕವಿಲ್ಲ.

ಎಣಿಕೆಗೆಂದೇ ಹುಟ್ಟಿದ ಅಂಗಡಿಗಳು

ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯುತ್ತದೆ. ಹಣ ಕಟ್ಟಿದರೆ ಮೂರೇ ದಿನದಲ್ಲಿ ‘ಸ್ವೀಕರಿಸಲಾಗಿದೆ’ ಎಂಬ ಪತ್ರ ಕಳುಹಿಸುವ ನಕಲಿ ಜರ್ನಲ್‌ಗಳ ಇಮೇಲ್ ಬಾರದ ಅಧ್ಯಾಪಕರು ಈ ಜಿಲ್ಲೆಗಳಲ್ಲಿ ಇರಲಾರರು. ಇವನ್ನು ತಡೆಯಲೆಂದು ಯುಜಿಸಿ 2019ರಲ್ಲಿ ‘ಕೇರ್’ ಎಂಬ ಒಪ್ಪಿತ ಜರ್ನಲ್‌ಗಳ ಪಟ್ಟಿ ತಂದಿತು, 2025ರಲ್ಲಿ ಅದನ್ನು ಕೈಬಿಟ್ಟಿತು. ಪಿಎಚ್‌ಡಿ ಸಲ್ಲಿಸಲು ಮೊದಲೇ ಪ್ರಬಂಧ ಪ್ರಕಟವಾಗಿರಬೇಕೆಂಬ ಕಡ್ಡಾಯವನ್ನು 2022ರ ನಿಯಮಗಳಲ್ಲಿ ತೆಗೆಯಿತು. ಸಂಸ್ಥೆಗಳು ಬೇಕೆಂದರೆ ತಮ್ಮ ನಿಯಮ ಇಟ್ಟುಕೊಳ್ಳಬಹುದು. ಹಣ ತೆಗೆದುಕೊಳ್ಳುವುದೆಲ್ಲ ನಕಲಿ ಎಂದೂ ಹೇಳುವಂತಿಲ್ಲ. ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ ಮುಕ್ತ ಜರ್ನಲ್‌ಗಳು ಖರ್ಚನ್ನು ಲೇಖಕರಿಂದ ಪಡೆಯುತ್ತವೆ; ಪ್ರತಿಷ್ಠಿತ ಪ್ರಕಾಶಕರ ಕೆಲವು ಜರ್ನಲ್‌ಗಳಲ್ಲಿ ಒಂದು ಪ್ರಬಂಧದ ಶುಲ್ಕ ಎರಡು ಲಕ್ಷ ರೂಪಾಯಿ ದಾಟುತ್ತದೆ.

ಓದುವ ಕಡೆಯ ಖರ್ಚಿಗೆ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಇದು ಸರ್ಕಾರಿ ಸಂಸ್ಥೆಗಳಿಗೆ. ದಕ್ಷಿಣ ಕನ್ನಡ, ಉಡುಪಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ. ಅವು ಹಳೆಯ ದಾರಿಯಲ್ಲೇ ಚಂದಾ ಕಟ್ಟಬೇಕು.

ಕೊನೆಯದಾಗಿ ಪೇಟೆಂಟ್. ಕಾಲೇಜುಗಳ ಕೈಪಿಡಿಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಅಂಕಿ ಇದು, ಕೆಲವು ಕಡೆ ಬೇಕೆಂದೇ. ಅರ್ಜಿ ಸಲ್ಲಿಸುವುದು ಒಂದು ಹಂತ. ಸಲ್ಲಿಸಿ 18 ತಿಂಗಳಾದ ಮೇಲೆ ಪೇಟೆಂಟ್ ಕಚೇರಿ ತನ್ನ ವಾರಪತ್ರಿಕೆಯಲ್ಲಿ ಅದನ್ನು ಪ್ರಕಟಿಸುತ್ತದೆ. ಬೇಗ ಬೇಕೆಂದರೆ ನಮೂನೆ 9 ಮತ್ತು ಸ್ವಲ್ಪ ಶುಲ್ಕ ಕೊಟ್ಟರೆ ಒಂದು ತಿಂಗಳೊಳಗೆ ಪ್ರಕಟವಾಗುತ್ತದೆ. ಅಲ್ಲಿಯವರೆಗೆ ಅದರಲ್ಲಿ ಹೊಸತೇನಿದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ‘ಪೇಟೆಂಟ್ ಪ್ರಕಟವಾಗಿದೆ’ ಎಂದು ಹಾರ ಹಾಕಿಸಿಕೊಳ್ಳುವ ಸುದ್ದಿಗಳು ಬಹುಪಾಲು ಈ ಹಂತದವು. ಪರೀಕ್ಷೆಗೆ ಬೇರೆ ಅರ್ಜಿ, ಬೇರೆ ಶುಲ್ಕ. ಪರೀಕ್ಷಕರು ಆಕ್ಷೇಪಗಳ ವರದಿ ಕಳುಹಿಸುತ್ತಾರೆ, ಆರು ತಿಂಗಳಲ್ಲಿ ಉತ್ತರ ಕೊಡಬೇಕು, ವಾದ ಗೆದ್ದರೆ ಮಂಜೂರು. ಆಗ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷದ ಹಕ್ಕು. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕದಲ್ಲಿ ಶೇ 80 ರಿಯಾಯಿತಿ ಸಿಕ್ಕ ಮೇಲೆ ಅರ್ಜಿ ಹಾಕುವುದು ಸಲೀಸಾಗಿದೆ. ‘ಡಿಸೈನ್ ಪೇಟೆಂಟ್’ ಎಂಬುದು ಇನ್ನೊಂದು. ಅದು ವಸ್ತುವಿನ ಆಕಾರಕ್ಕೆ ಸಿಗುವ ನೋಂದಣಿ, ಆವಿಷ್ಕಾರಕ್ಕಲ್ಲ. ಬ್ರಿಟನ್ನಿನಲ್ಲಂತೂ ಆಕಾರ ಹೊಸತೇ ಎಂದು ನೋಡದೆಯೇ ನೋಂದಾಯಿಸುತ್ತಾರೆ. ಅದರ ಪ್ರಮಾಣಪತ್ರಗಳು ನಮ್ಮ ಪ್ರಾಧ್ಯಾಪಕರ ಪರಿಚಯ ಪತ್ರಗಳಲ್ಲಿ ‘ಅಂತರರಾಷ್ಟ್ರೀಯ ಪೇಟೆಂಟ್’ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತವೆ.

ಇದನ್ನು ಪರಿಶೀಲಿಸಲು ಯಾರ ಅಪ್ಪಣೆಯೂ ಬೇಡ. ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಉಚಿತ ಹುಡುಕಾಟವಿದೆ. ಅರ್ಜಿದಾರರ ಜಾಗದಲ್ಲಿ ಕಾಲೇಜಿನ ಹೆಸರು ಹಾಕಿದರೆ ಅರ್ಜಿಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಸ್ಥಿತಿಯೂ ಕಾಣುತ್ತದೆ: ಪ್ರಕಟವಾಗಿದೆ, ಪರೀಕ್ಷೆಗೆ ಕಾದಿದೆ, ಮಂಜೂರಾಗಿದೆ, ತಿರಸ್ಕೃತವಾಗಿದೆ, ಉತ್ತರ ಬಾರದ್ದರಿಂದ ಕೈಬಿಡಲಾಗಿದೆ. ಒಂದು ಅರ್ಜಿಯನ್ನು ತೆರೆದು ಅದರ ಕೊನೆಯಲ್ಲಿರುವ ಹಕ್ಕುಗಳ ಭಾಗವನ್ನು ಓದಿ. ಏನು ಹೊಸದಾಗಿ ಮಾಡಿದ್ದೇವೆ ಎಂದು ಅವರು ಹೇಳಿಕೊಂಡಿರುವುದು ಅಲ್ಲೇ, ಸಾಮಾನ್ಯವಾಗಿ ಒಂದೆರಡು ಪುಟದಲ್ಲಿ ಮುಗಿಯುತ್ತದೆ.